ಮೂರನೆಯ ಒಲೆಗೆ ಹೇಳಿದ ಮಾತು

೩೦ ಫೆಬ್ರವರಿ ೨೨೮೭

ಮೊದಲ ಗಾಳಿಯೊಲೆಗಳನ್ನು ಕಟ್ಟುತ್ತಿರುವವರಿಗೆ,

ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಾರೀಖಿನಂತೆ ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ಗಾಳಿಯೊಲೆಯಲ್ಲಿ ಬೆಂಕಿಯಿಲ್ಲ. ಸುಣ್ಣದ ಭಟ್ಟಿಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಸೋಸಿ, ಅದಕ್ಕೆ ಬಿಸಿಲಿನ ಕರೆಂಟು ಹಾಯಿಸುತ್ತೇವೆ. ಮೊದಲ ಎರಡು ಒಲೆಗಳು ಅದನ್ನು ಮೂಕಗಾಳಿ ಮಾಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರು ಏಳುವುದಿಲ್ಲ. ಮೂರನೆಯ ಒಲೆ ಅದನ್ನು ನುಂಗಿ ಸ್ಪಿರಿಟ್ ಮಾಡುತ್ತದೆ. ನಮ್ಮ ದೋಣಿಗಳು ಓಡುವುದು ಅದರಿಂದ. ಮದುವೆಗೆ ಸೋದರಮಾವ ಒಂದು ಕ್ಯಾನು ಹೊತ್ತು ತರುತ್ತಾನೆ. ಕೂಸಿನ ಮೊದಲ ಸ್ನಾನದ ನೀರು ಅದರ ನೀಲಿ ಉರಿಯ ಮೇಲೆಯೇ ಕಾಯಬೇಕು. ಒಲೆಗಳನ್ನು ನಡೆಸುತ್ತಿದ್ದವಳು ನನ್ನ ಅಕ್ಕ ನೀಲಗಂಗಾ.

ಮೊನ್ನೆ ಕೆಳಪೇಟೆಯವರು ಹಾರೆ ಹಿಡಿದು ಒಲೆಗಳ ಅಂಗಳಕ್ಕೆ ನುಗ್ಗಿದರು. ಅವರ ನೀರಿನ ಪಂಪುಗಳಿಗೆ ವಾರದಿಂದ ಕರೆಂಟಿರಲಿಲ್ಲ. ಕಾವಲುಗಾರನ ದವಡೆ ಮುರಿದರು. ಅಂಗಳದ ಪೈಪುಗಳನ್ನು ಒಡೆದರು. ಕೊನೆಗೆ ಒಲೆಗಳ ಯಜಮಾನರು ಕರಿಲಿಂಗಪ್ಪ ರಾಜಿಗೆ ಬಂದರು: ಒಳಗೆ ಉಳಿದ ಮೂಕಗಾಳಿ ಮುಗಿಯುವವರೆಗೆ ಮೂರನೆಯ ಒಲೆಯೊಂದು ನಡೆಯಲಿ, ಉಳಿದೆರಡರ ಕರೆಂಟು ಪಂಪುಗಳಿಗೆ. ಒಳಗೆ ಗಾಜಿನ ಕೋಣೆಯಲ್ಲಿದ್ದ ಅಕ್ಕನಿಗೆ ಈ ಮಾತುಕತೆ ಕೇಳಿಸಿರಲಿಲ್ಲ. ಕೇಳಿಸಿದ್ದು ಮೈಕಿನಲ್ಲಿ ಯಜಮಾನರು ಕೂಗಿದ್ದು ಮಾತ್ರ.

"ನೀಲಗಂಗಾ, ಮೂರನೇದು ಆರಿಸವ್ವಾ, ಲಗೂನ!"

ಅವರು ಹೇಳಿದ್ದು ಆಯ್ದುಕೋ ಎಂದು. ಅಕ್ಕ ದೀಪ ಆರಿಸುವಂತೆ ಮೂರನೆಯ ಒಲೆಯನ್ನು ಆರಿಸಿದಳು. ಅದು ನಿಂತರೆ ಮೂಕಗಾಳಿ ಅಂಗಳದ ಪೈಪಿನಲ್ಲಿ ತೊಟ್ಟಿಗೆ ಹೋಗಬೇಕು. ಆ ಪೈಪು ಒಡೆದದ್ದು ಅವಳಿಗೆ ಗೊತ್ತಿರಲಿಲ್ಲ.

ಅಂಗಳದಲ್ಲಿ ಮುಂದೆ ನಿಂತಿದ್ದವರು ದಣಿದವರಂತೆ ಕುಳಿತರು. ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ಗಾಜಿನಾಚೆ ಅದನ್ನು ಕಂಡ ಅಕ್ಕ ಒಲೆಗಳನ್ನೆಲ್ಲ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು ಓಡಿ ಬಂದು, ಬಿದ್ದವರನ್ನು ಗೇಟಿನಾಚೆಗೆ ಎಳೆಯತೊಡಗಿದಳು. ಮೂರನೆಯವನನ್ನು ಎಳೆದು ತಂದಾಗ ಗೇಟಿನಾಚೆಯ ಕೆಳಪೇಟೆಯವರು ಅವಳ ಜಡೆಗೆ ಕೈಹಾಕಿದರು.

"ತಾ ಮಾಸ್ಕ್ ಹಾಕ್ಕೊಂಡು ನಮ್ಮ ಮಂದೀನ ಕೊಂದಾಳ!"

ಜನರೆದುರು ಎಂದೂ ಬಾಯಿ ತೆರೆಯದ ನಾನು ಗೇಟಿನ ಬಳಿಯಿಂದ ಕಿರುಚಿದೆ: ಒಂದೇ ಮಾತಿಗೆ ಎರಡು ಅರ್ಥ, ಅವಳು ತಪ್ಪು ತಿಳಿದಳು, ಕೇಳ್ರಿ!

"ಹೆಣ ಬಿದ್ದಾವ, ಈಕಿ ವ್ಯಾಕರಣ ಹೇಳಾಕತ್ಯಾಳ!" ಎಂದ ಒಬ್ಬ. ಯಾರೋ ನಕ್ಕರು. ಹಾರೆ ಎದ್ದಿತು. ಅಕ್ಕ ಎರಡೂ ಕೈ ತಲೆಗೆ ಅಡ್ಡ ಹಿಡಿದಳು. ಮೊದಲು ಕೈಗಳು ಮುರಿದವು.

ಗಾಳಿಯೊಲೆಯ ಮಾತೆಲ್ಲ ನಮಗೆ ನಿಮ್ಮಿಂದ ಬಂದದ್ದು. ಮೊದಲ ದಿನ ನೀವು ಆಡಿದ್ದನ್ನೇ ತಲೆಮಾರುಗಟ್ಟಲೆ ಆಡಿದ್ದೇವೆ. ಈ ಕಾಗದ ಹಿಂದಕ್ಕೆ ನಿಮ್ಮ ಕಾಲಕ್ಕೆ ಮುಟ್ಟಿದಾಗ ನೀವಿನ್ನೂ ಗುಂಡಿಗಳ ಮೇಲೆ ಏನನ್ನೂ ಬರೆದಿರಲಾರಿರಿ. ಕೈಮುಗಿಯುತ್ತೇನೆ, ನಿಲ್ಲಿಸುವ ಗುಂಡಿಯ ಮೇಲೆ "ನಂದಿಸು" ಎಂದು ಬರೆಯಿರಿ. ಉಳಿಸಿಕೊಳ್ಳುವುದಕ್ಕೆ "ಇಟ್ಟುಕೋ" ಎನ್ನಿ. ಕೆಲಸ ಕಲಿಯಲು ಬಂದವರ ಬಾಯಲ್ಲೂ ಅದನ್ನೇ ಆಡಿಸಿ.

ಮೊನ್ನೆಯ ಪಾಳಿ ಮುಗಿಸಿ ನನ್ನಕ್ಕ ಮನೆಗೆ ಬರಲಿ.

ನೀಲಗಂಗಾಳ ತಂಗಿ