ಇರುವ ಹಲ್ಲಿಗೆ ಅರ ಹಾಕಿದ್ದು

ದೊಡ್ಡಪ್ಪಾ,

ಕೆಡಿಸಿಕೊಂಡಿಲ್ಲ. ಮೊದಲು ಅದನ್ನು ತಲೆಯಿಂದ ತೆಗೆಯಿರಿ. ಹಲ್ಲೆಲ್ಲ ಬಾಯಲ್ಲೇ ಇವೆ, ಒಂದೂ ಅಲುಗುವುದಿಲ್ಲ, ಈಗಲೂ ಕಬ್ಬು ಸಿಗಿದು ತಿನ್ನುತ್ತೇನೆ. ಮೇಲಿನ ಸಾಲಿನ ಮುಂದಿನ ಆರು ಹಲ್ಲುಗಳ ಮೂಲೆ ತೆಗೆಸಿ ದುಂಡಗೆ ಮಾಡಿಸಿಕೊಂಡಿದ್ದೇನೆ, ಅಷ್ಟೇ. ನೀವು ಏನು ಹೇಳುತ್ತಿದ್ದಿರಿ ಅಂತ ಗೊತ್ತು. "ಇರೋ ಹಲ್ಲಿಗೆ ಅರ ಹಾಕೋನು ಕಸುಬಿನವನಲ್ಲ. ನಮ್ಮ ಕೆಲಸ ಇಲ್ಲದ ಹಲ್ಲಿಂದು." ಅಂಗಡಿಯಲ್ಲಿ ದಿನಕ್ಕೆ ಎರಡು ಸಲ ಕೇಳಿಸಿಕೊಂಡ ಮಾತು, ಮರೆಯುತ್ತೇನಾ? ನಾಡಿದ್ದು ನಿಮ್ಮ ವರ್ಷದ ಕಾರ್ಯ. ನೆಂಟರೆಲ್ಲ ಸೇರುತ್ತಾರೆ. ನಾನು ಅಲ್ಲಿಗೆ ಹೆಣ್ಣಾಗಿ ಬಂದು, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದೆ ಎಲ್ಲರ ನಡುವೆ ಕೂರಬೇಕು ಅಂತ ಇದ್ದೇನೆ. ಅದಕ್ಕೆ ಮುಂಚೆ ನಿಮ್ಮ ಹತ್ತಿರದ ಜಗಳ ಮುಗಿಯಲಿ.

ಅಪ್ಪ ನನ್ನನ್ನು ನಿಮ್ಮ ಹಲ್ಲು ಕಟ್ಟುವ ಅಂಗಡಿಗೆ ಕರೆತಂದ ದಿನ ನೆನಪಿದೆಯಾ? ನನಗೆ ಹದಿನಾಲ್ಕು. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ದಿನಾ ನನ್ನ ಹಾಗೆ ನಡೆದು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ. ಕಂಪಾಸ್ ಬಾಕ್ಸಿನಿಂದ ಅವನ ಮೂತಿಗೆ ಹೊಡೆದೆ. ಅವನ ಮುಂದಿನ ಹಲ್ಲು ಮುರಿಯಿತು. ಆಮೇಲೆ ನಾನು ಶಾಲೆಗೆ ಹೋಗಲಿಲ್ಲ, ಶಾಲೆಯವರೂ ಬಾ ಅನ್ನಲಿಲ್ಲ. "ಇವನು ಓದಲ್ಲ ಅಣ್ಣಯ್ಯ, ನಿನ್ನ ಹತ್ರನೇ ಇಟ್ಕೋ" ಅಂದ ಅಪ್ಪ. ನೀವು ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿ, "ಹಲ್ಲು ಮುರಿಯೋದು ಬರ್ತದೆ. ಕಟ್ಟೋದೊಂದು ಕಲಿತರೆ ಆಯ್ತು" ಅಂದಿರಿ. ನೀವು ನಗಲಿಲ್ಲ, ಅಪ್ಪನೂ ನಗಲಿಲ್ಲ. ನಾನೊಬ್ಬಳೇ ನಕ್ಕೆ.

ನೀವು ಕೊಟ್ಟ ಮೊದಲ ಪಾಠ ಆ ಎರಡು ಡಬ್ಬಿಗಳದ್ದು. ಮೂಡಿಗೆರೆ ಬಸ್‌ಸ್ಟ್ಯಾಂಡ್ ಹಿಂದಿನ ಓಣಿ, ಮೇಣ ಕರಗುವ ವಾಸನೆ, ಕಪಾಟಿನ ತುಂಬಾ ಊರವರ ಬಾಯಿಯ ಪ್ಲಾಸ್ಟರ್ ಅಚ್ಚುಗಳು. ಒಂದು ಡಬ್ಬಿಯ ಮೇಲೆ "ಗಂ" ಅಂತ ಬರೆದಿದ್ದಿರಿ, ಇನ್ನೊಂದರ ಮೇಲೆ "ಹೆಂ". ಎರಡರಲ್ಲೂ ಹಲ್ಲೇ. ನನಗೆ ಎಲ್ಲ ಒಂದೇ ಥರ ಕಂಡವು. ನೀವು ಎರಡನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಿರಿ. "ಗಂಡು ಹಲ್ಲು ಚೌಕ. ಮೂಲೆ ಇರ್ತದೆ, ಕೋರೆ ಚೂಪು. ಹೆಣ್ಣು ಹಲ್ಲಿಗೆ ಮೂಲೆ ಇಲ್ಲ, ನೋಡು. ಮಧ್ಯದ್ದು ಎರಡು ಚೂರು ಉದ್ದ, ಪಕ್ಕದ್ದು ಸಣ್ಣ."

"ಎಲ್ಲರದ್ದೂ ಹಾಗೇನಾ?"

"ಎಲ್ಲಿ ಎಲ್ಲರದ್ದು? ನಿನ್ನ ದೊಡ್ಡಮ್ಮನ ಹಲ್ಲು ನೋಡು, ಗರಗಸ. ಆದ್ರೆ ನೋಡೋರ ಕಣ್ಣಿಗೆ ಹಾಗೆ ಅಭ್ಯಾಸ ಆಗಿದೆ. ನಾವು ಕಟ್ಟೋದು ಬಾಯಿಗಲ್ಲ, ನೋಡೋರ ಕಣ್ಣಿಗೆ."

ಅವತ್ತಿನಿಂದ ನಾನು ಮನುಷ್ಯರ ಮುಖ ನೋಡುವುದು ಬಿಟ್ಟೆ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ ನಕ್ಕವರ ಹಲ್ಲಿನ ಮೂಲೆ ನೋಡುತ್ತಿದ್ದೆ. ಆ ಕಣ್ಣು ಕೊಟ್ಟವರು ನೀವು. ಅದೇ ಕಣ್ಣಿನಲ್ಲಿ ಒಂದು ದಿನ ನನ್ನನ್ನೇ ನೋಡಿಕೊಳ್ಳುತ್ತೇನೆ ಅಂತ ನಿಮಗೆ ಹೊಳೆಯಲಿಲ್ಲವಾ?

ಸಂಸೆ ಊರಿನ ಅಜ್ಜ ಬಂದಿದ್ದು ನಾನು ಕೆಲಸ ಕಲಿತು ಎರಡು ವರ್ಷ ಆದ ಮೇಲೆ. ಎಸ್ಟೇಟಿನಲ್ಲಿ ಮೂವತ್ತು ವರ್ಷ ಮೇಸ್ತ್ರಿ ಆಗಿದ್ದವರು. ಅವರು ಬಂದರು ಅಂದರೆ ಆಳುಗಳು ಬೀಡಿ ಆರಿಸುತ್ತಿದ್ದರಂತೆ. ಅವರ ಕಟ್ಟುಹಲ್ಲಿನ ಸೆಟ್ ಜೋಡಿಸುವ ಕೆಲಸ ನನಗೆ ಕೊಟ್ಟಿದ್ದಿರಿ. ಅವತ್ತು ಕರೆಂಟ್ ಇರಲಿಲ್ಲ, ನನ್ನ ಕೈ ತಪ್ಪಿ "ಹೆಂ" ಡಬ್ಬಿಗೆ ಹೋಗಿತ್ತು. ನೀವೂ ನೋಡದೆ ಕೊಟ್ಟು ಕಳಿಸಿದಿರಿ. ತಿಂಗಳಾದ ಮೇಲೆ ಸೊಸೆ ಅವರನ್ನು ಕರೆದುಕೊಂಡು ವಾಪಸ್ ಬಂದಳು. "ಎಂಥದೋ ಆಗಿದೆ ನೋಡಿ. ನಮ್ಮ ಮಾವ ಬೈದ್ರೆ ಈಗ ಯಾರಿಗೂ ಹೆದರಿಕೆನೇ ಆಗಲ್ಲ. ಮೊನ್ನೆ ನಾಯಿನೂ ಅಲ್ಲೇ ಕೂತಿತ್ತು" ಅಂದಳು.

ನೀವು ಸೆಟ್ ಕೈಗೆ ತೆಗೆದುಕೊಂಡು ತಿರುಗಿಸಿದಿರಿ. ಅದನ್ನು ನೋಡಿದಿರಿ, ಆಮೇಲೆ ನನ್ನನ್ನು ನೋಡಿದಿರಿ. ತಲೆಗೊಂದು ಬಿಟ್ಟಿರಿ. "ಗಂಡಸಿನ ಬಾಯಿಗೆ ಹೆಂಗಸಿನ ಹಲ್ಲು ಕೂರ್ಸಿದ್ದೀಯಲ್ಲೋ ಕತ್ತೆ." ಅಜ್ಜನಿಗೆ ಕೈ ಮುಗಿದು, ಬೇರೆ ಮಾಡಿಕೊಡುತ್ತೇನೆ ಅಂದಿರಿ. ಅಜ್ಜ ನಿಮ್ಮ ಕೈಯಿಂದ ಸೆಟ್ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡುಬಿಟ್ಟರು. "ಬೇಡ ಬಿಡಿ ಮಾರಾಯ್ರೆ. ಮೊಮ್ಮಗಳು ಮುಂಚೆ ಹತ್ರ ಬರ್ತಿರ್ಲಿಲ್ಲ, ಕಂಡ್ರೆ ಅಳ್ತಿತ್ತು. ಈಗ ತೊಡೆ ಬಿಟ್ಟು ಇಳಿಯಲ್ಲ." ಸೊಸೆ ಎಷ್ಟು ಹೇಳಿದರೂ ಬಾಯಿ ಬಿಡಲಿಲ್ಲ. ಹಾಗೇ ಬಸ್ಸು ಹತ್ತಿದರು.

ನೀವು ಒಂದು ವಾರ ಆ ತಪ್ಪಿನ ಬಗ್ಗೆ ಗೊಣಗಿದಿರಿ. ನಾನು ಬೇರೆಯದೇ ಲೆಕ್ಕ ಹಾಕುತ್ತಿದ್ದೆ. ಮುಂದಿನ ಆರು ಹಲ್ಲು ಬದಲಾಗಿದ್ದಕ್ಕೆ ಸಂಸೆಯ ಮೇಸ್ತ್ರಿಯೇ ಹಾಗಾದರೆ, ನಾನು...

ನಿಮಗೆ ಆ ಮಧ್ಯಾಹ್ನ ನೆನಪಿಲ್ಲದೆ ಇರಲಿಕ್ಕಿಲ್ಲ. ನೀವು ಊಟಕ್ಕೆ ಮನೆಗೆ ಹೋಗಿದ್ದಿರಿ. ನಾನು ಗೋಡೆಯ ಕನ್ನಡಿ ಮುಂದೆ ನಿಂತು, ಸಣ್ಣ ಅರ ತೆಗೆದುಕೊಂಡು, ಬಲಗಡೆಯ ಮುಂದಿನ ಹಲ್ಲಿನ ಮೂಲೆಗೆ ಹಾಕಿದೆ. ಮೂರು ಎಳೆತ. ಮೂರನೆಯದಕ್ಕೆ ಅರ ಜಾರಿ ಮೂಲೆ ಚೂರು ಎದ್ದಿತು. ನೀವು ಕನ್ನಡಕ ಮರೆತಿದ್ದಿರಿ, ಅರ್ಧ ದಾರಿಯಿಂದ ವಾಪಸ್ ಬಂದಿರಿ.

"ಎಂಥಾ ಮಾಡ್ತಿದ್ದೀಯ?"

"ಹಲ್ಲು ಚುಚ್ತಿತ್ತು."

ಹೊಡೆಯುತ್ತೀರಿ ಅಂದುಕೊಂಡೆ. ನೀವು ನನ್ನನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದೆತ್ತಿ ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಆಮೇಲೆ ಉಜ್ಜುವ ಸಣ್ಣ ಕಲ್ಲು ತೆಗೆದು ಆ ಮೂಲೆಯನ್ನು ನುಣ್ಣಗೆ ಮಾಡಿದಿರಿ. ಚೌಕವಾಗಿ ಅಲ್ಲ, ದುಂಡಗೆ. "ಈಗ ಚುಚ್ಚಲ್ಲ" ಅಂದಿರಿ. ಕನ್ನಡಕ ತೆಗೆದುಕೊಂಡು ಊಟಕ್ಕೆ ಹೋದಿರಿ. ಚುಚ್ಚುತ್ತಿದ್ದದ್ದು ಹಲ್ಲಲ್ಲ ಅಂತ ನಿಮಗೆ ಗೊತ್ತಾಗಿತ್ತಾ? ಗೊತ್ತಾಗಿದ್ದರೆ ಯಾಕೆ ಕೇಳಲಿಲ್ಲ? ಕೇಳಿದ್ದರೆ ನಾನು ಹೇಳುತ್ತಿದ್ದೆನಾ, ಅದೂ ಗೊತ್ತಿಲ್ಲ.

ಅಂಗಡಿ ಬಿಟ್ಟು ಚಿಕ್ಕಮಗಳೂರಿಗೆ ಬಂದಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಅಲ್ಲಿ ಇದ್ದಿದ್ದರೆ ನಾನು ನಿಮ್ಮ ಮಗ ಗಿರಿಯಣ್ಣನ ತಮ್ಮ, ನಿಮ್ಮ ತಮ್ಮನ ಮಗ, ಅಷ್ಟೇ ಆಗಿರುತ್ತಿದ್ದೆ. ಇಲ್ಲಿ ಒಂದು ಹಲ್ಲಿನ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತು. ನೀವು ಕಲಿಸಿದ ಕೈ, ಒಂದೇ ದಿನ ನೋಡಿ ಇಟ್ಟುಕೊಂಡರು. ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಹಾರ್ಮೋನಿನ ಮಾತ್ರೆ ಶುರು ಮಾಡಿದೆ. ಚರ್ಮ ಮೆತ್ತಗಾಯಿತು, ಮುಖ ತುಂಬಿಕೊಂಡಿತು. ಕೂದಲು ಬಿಟ್ಟೆ. ಚೈತ್ರ ಅಂತ ಹೆಸರು ಇಟ್ಟುಕೊಂಡೆ. ಕನ್ನಡಿಯಲ್ಲಿ ನನಗೆ ಬೇಕಾದವಳು ಸುಮಾರಾಗಿ ಕಾಣಿಸಿಕೊಂಡಳು. ಆದರೆ ನಕ್ಕ ಕೂಡಲೇ ಅಪ್ಪ ಬರುತ್ತಿದ್ದ. ಅದೇ ಚೌಕ ಹಲ್ಲು, ಅದೇ ಕೋರೆ. ಬೇರೆಯವರಿಗೆ ಕಾಣುತ್ತಿತ್ತೋ ಇಲ್ಲವೋ. ಐದು ವರ್ಷ ಹಲ್ಲಿನ ಮೂಲೆಯನ್ನೇ ನೋಡಿದ ನನಗೆ ಬೇರೇನೂ ಕಾಣುತ್ತಿರಲಿಲ್ಲ. ನಗು ಬಂದರೆ ಕೈ ತಾನೇ ಮೇಲೆ ಹೋಗುತ್ತಿತ್ತು.

ಒಂದೇ ಒಂದು ಸಲ ಹಾಗೆ ನಿಮ್ಮೆದುರು ಬಂದಿದ್ದೆ. ಕೂದಲು ಕಟ್ಟಿಕೊಂಡು, ದೊಗಳೆ ಅಂಗಿ ಹಾಕಿಕೊಂಡು. ನೀವು ತಲೆಯಿಂದ ಕಾಲಿನ ತನಕ ನೋಡಿ "ಊಟ ಆಯ್ತಾ?" ಅಂದಿರಿ. ಒಂದು ಅಚ್ಚು ಕೈಗೆ ಕೊಟ್ಟು, ಅಂಚು ಸರಿ ಮಾಡು ಅಂದಿರಿ. ಸಂಜೆ ತನಕ ಕೆಲಸ ಮಾಡಿದೆ. ನೀವು ಯಾರದ್ದೋ ಸೆಟ್ ಪಾಯಸದಲ್ಲಿ ಬಿದ್ದ ಕಥೆ ಹೇಳಿದಿರಿ, ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಆಗ ಕೇಳಿದಿರಿ: "ಬಾಯಿ ಮೇಲೆ ಕೈ ಇಟ್ಕೊಂಡು ನಗೋದು ಯಾವಾಗ ಕಲ್ತೆ?"  ಕೊನೆ ಬಸ್ಸು ಅಂತ ಸುಳ್ಳು ಹೇಳಿ ಎದ್ದುಬಂದೆ.

ನೀವು ಹೋದದ್ದು ನನಗೆ ಗೊತ್ತಾಗಿದ್ದು ಮಣ್ಣು ಆದ ಮೇಲೆ. ಎದೆ ನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಗಿರಿಯಣ್ಣ ಮರುದಿನ ಫೋನ್ ಮಾಡಿದ. ಯಾಕೆ ಮುಂಚೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಬಂದಿದ್ರೆ ಜನ ನಿನ್ನ ನೋಡ್ತಿದ್ರು. ಅಪ್ಪನ್ನ ಯಾರೂ ನೋಡ್ತಿರ್ಲಿಲ್ಲ" ಅಂದ. ನಾನು ಫೋನ್ ಇಟ್ಟೆ. ಲ್ಯಾಬಿಗೆ ಹೋಗಿ ಅವತ್ತಿನ ಕೆಲಸ ಮುಗಿಸಿದೆ. ಅಳಲಿಲ್ಲ. ಅತ್ತಿದ್ದರೂ ನಿಮಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ನನ್ನ ಹಲ್ಲು ದುಂಡಗೆ ಮಾಡಿದ ಡಾಕ್ಟರ್ ನಮ್ಮ ಲ್ಯಾಬಿಗೆ ಅಚ್ಚು ಕಳಿಸುವವರೇ. ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಮ್ಮಿ. ನಾನು ಬೇಕಾದದ್ದು ಹೇಳಿದೆ. ಹೂಂ ಅಂದರು, ಯಾಕೆ ಅಂತ ಕೇಳಲಿಲ್ಲ. ಮೊದಲು ಹಲ್ಲು ಒರೆಸಿ, ತೆಗೆಯಬೇಕಾದ ಮೂಲೆಗಳಿಗೆಲ್ಲ ಕಪ್ಪು ಪೆನ್ನಿನಲ್ಲಿ ಬಳಿದು, ಕೈಗನ್ನಡಿ ಕೊಟ್ಟು ದೂರ ಹಿಡಿದು ನೋಡು ಅಂದರು. ಕಪ್ಪು ಬಾಯಿಯ ಕತ್ತಲಲ್ಲಿ ಸೇರಿಹೋಗಿ ಉಳಿದ ಹಲ್ಲು ಮಾತ್ರ ಕಂಡಿತು. ದೊಡ್ಡಪ್ಪಾ, ನಾನು ಆ ಕನ್ನಡಿಯನ್ನು ವಾಪಸ್ ಕೊಡುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡೆ.

"ಅರ್ಧ ಮಿಲಿಮೀಟರ್ ಮೇಲೆ ಹೋಗಲ್ಲ. ಮೇಲಿನ ಪದರ ಅಷ್ಟೇ. ಉದ್ದ ಸಾಲದ ಕಡೆ ಹಲ್ಲಿನ ಬಣ್ಣದ ಸಿಮೆಂಟ್ ಸ್ವಲ್ಪ ಅಂಟಿಸಿ ಉದ್ದ ಮಾಡ್ತೀನಿ" ಅಂದರು. ಸೂಜಿ ಕೂಡ ಬೇಕಾಗಲಿಲ್ಲ. ಕಿರ್ ಅನ್ನುವ ಸದ್ದು, ಸುಟ್ಟ ಉಗುರಿನ ವಾಸನೆ. ಬಲಗಡೆಯ ಮುಂದಿನ ಹಲ್ಲಿಗೆ ಬಂದಾಗ ಕೈ ನಿಲ್ಲಿಸಿದರು.

"ಈ ಮೂಲೆ ಮುಂಚೆನೇ ಯಾರೋ ಮಾಡಿದ್ದಾರಲ್ಲ?"

"ನಮ್ಮ ದೊಡ್ಡಪ್ಪ."

"ಡಾಕ್ಟರಾ?"

"ಅಲ್ಲ. ಸೆಟ್ ಕಟ್ಟೋರು."

"ಒಳ್ಳೆ ಕೈ. ಇದನ್ನೇ ನೋಡಿ ಉಳಿದದ್ದು ಮಾಡ್ತೀನಿ."

ಹಾಗೇ ಮಾಡಿದರು. ಆದ್ದರಿಂದ ಇರುವ ಹಲ್ಲಿಗೆ ಅರ ಹಾಕಿದವಳು ಅಂತ ನನಗೆ ಹೇಳುವ ಮುಂಚೆ ಯೋಚನೆ ಮಾಡಿ. ಶುರು ಮಾಡಿದ್ದು ನಾನು ಹೌದು. ನುಣ್ಣಗೆ ಮಾಡಿದ್ದು ಯಾರು? ತಣ್ಣೀರು ಕುಡಿದರೆ ಒಂದು ವಾರ ಜುಮ್ ಅಂದಿತು. ಆಮೇಲೆ ಅದೂ ನಿಂತಿತು. ಹಲ್ಲಿನಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ದನಿ ಇನ್ನೂ ಹಾಗೇ ಇದೆ, ಅಪ್ಪ ಈಗಲೂ ಮಾತಾಡುವುದಿಲ್ಲ. ನಗುವಾಗ ಕೈ ಮೇಲೆ ಹೋಗುವುದು ನಿಂತಿದೆ. ನೀವು ಕೇಳಿದ್ದು ಅದನ್ನೇ ಅಲ್ಲವಾ.

ಇವತ್ತು ಬೆಳಿಗ್ಗೆ ಗಿರಿಯಣ್ಣ ನನ್ನ ರೂಮಿಗೆ ಬಂದಿದ್ದ. ಕೈಯಲ್ಲಿ ಒಂದು ಕವರು. ಅದನ್ನು ಮಂಚದ ಮೇಲೆ ಇಟ್ಟು, ಚಾ ಬೇಡ ಅಂದು, ಕುರ್ಚಿಯ ತುದಿಯಲ್ಲಿ ಕೂತ. ಕವರಿನಲ್ಲಿ ಅವನದೇ ಒಂದು ಶರ್ಟು ಇತ್ತು, ಒಂದು ಮಾಸ್ಕು ಇತ್ತು.

"ನಾಡಿದ್ದು ಬಾ. ಬರಬೇಡ ಅಂತ ನಾನು ಹೇಳಲ್ಲ. ಇದು ಹಾಕ್ಕೊಂಡು ಬಾ, ಅಷ್ಟೇ" ಅಂದ.

"ಮಾಸ್ಕ್ ಯಾಕೆ?"

"ಕೇಳಿದೋರಿಗೆ ಜ್ವರ ಅಂತೀನಿ."

"ಜ್ವರ ಬಂದೋರು ಪಂಕ್ತಿಲಿ ಕೂರ್ತಾರಾ?"

"ನಿನಗೆ ಒಳಗೆ ಅಡುಗೆ ಮನೇಲಿ ಬಡಿಸ್ತಾರೆ. ದೊಡ್ಡ ವಿಷಯ ಮಾಡಬೇಡ ಮಾರಾಯ."

ನನಗೆ ನಗು ಬಂತು. ಜೋರಾಗೇ ನಕ್ಕೆ. ಅವನು ನನ್ನ ಬಾಯಿ ನೋಡಿದ. ಎಷ್ಟಾದರೂ ನಿಮ್ಮ ಮಗ, ನೋಡಿದ ಕೂಡಲೇ ಗೊತ್ತಾಯಿತು.

"ಹಲ್ಲಿಗೆ ಎಂಥಾ ಮಾಡಿಸ್ಕೊಂಡೆ?"

"ಮೂಲೆ ತೆಗೆಸ್ದೆ."

"ಅಪ್ಪ ಇದ್ದಿದ್ರೆ..."

"ದೊಡ್ಡಪ್ಪನ ಹೆಸರು ಎತ್ತಬೇಡ ಗಿರಿಯಣ್ಣ. ಹೋದ ಸಲ ಮಣ್ಣು ಹಾಕಿ ಆದ್ಮೇಲೆ ಫೋನ್ ಮಾಡಿದೆ. ಈ ಸಲ ಮುಖ ಕಟ್ಕೊಂಡು ಬಾ ಅಂತೀಯ. ನಾನು ಚೂಡಿದಾರ ಹಾಕ್ಕೊಂಡೇ ಬರ್ತೀನಿ. ಪಂಕ್ತಿಲಿ ಕೂತು ಉಣ್ತೀನಿ. ಯಾರಾದ್ರೂ ನಗಿಸಿದ್ರೆ ನಗ್ತೀನಿ."

"ಜನ ಎಂಥಾ ಹೇಳ್ತಾರೆ?"

"ನನಗೆ ಹೇಳಲಿಕ್ಕೆ ಬಂದಿದ್ದು ಜನಾನಾ, ನೀನಾ? ನೀನು ಹೇಳು. ನನ್ನ ಮುಖ ನೋಡಿ ಹೇಳು. ಶರ್ಟ್ ಹಾಕಿದ್ರೆ ನಾನು ಯಾರ ಥರ ಕಾಣ್ತೀನಿ?"

ಅವನು ನೋಡಲಿಲ್ಲ. ಮಂಚ ನೋಡಿದ, ಕಿಟಕಿ ನೋಡಿದ. ನಾನು ಬಿಡಲಿಲ್ಲ, ಎದುರಿಗೆ ಹೋಗಿ ನಿಂತೆ. ಹೇಳು, ಹೇಳು ಅಂತ ಪ್ರಾಣ ತಿಂದೆ. ಅವನಿಗೆ ಸಿಟ್ಟು ನೆತ್ತಿಗೆ ಏರಿತು. ಅತ್ತಿಗೆಯ ಹತ್ತಿರ, ಅಕ್ಕಂದಿರ ಹತ್ತಿರ ಸೋಲುವಾಗ ಮಾಡುತ್ತಾನಲ್ಲ, ಹಾಗೇ ತೊಡೆಗೆ ಎರಡೂ ಕೈ ಬಡಿದು ಎದ್ದ.

"ಸಾಕು, ಸುಮ್ನಿರೇ ಮಾರಾಯ್ತಿ. ನಿನ್ನ ಹತ್ರ ಮಾತಾಡಿ ಗೆದ್ದೋರು ಯಾರಿದ್ದಾರೆ."

ಅಂದ ಮೇಲೆ ಅಲ್ಲೇ ನಿಂತ. ಬಾಯಿಂದ ಹೋದದ್ದು ಅವನ ಕಿವಿಗೂ ಬಿತ್ತು, ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ನಾನು ನಗಲಿಲ್ಲ. ಅವನು ಶರ್ಟು, ಮಾಸ್ಕು ಎರಡನ್ನೂ ಕವರಿಗೆ ತುರುಕಿ ಕಂಕುಳಿಗೆ ಸಿಕ್ಕಿಸಿಕೊಂಡ. ಚಪ್ಪಲಿ ಒಂದು ಕಾಲಿಗೆ ಸಿಕ್ಕಿತು, ಇನ್ನೊಂದನ್ನು ಎಳೆದುಕೊಂಡೇ ಹೊರಗೆ ಹೋದ. ಬಾಗಿಲು ಧಡಾರ್ ಅಂತ ಹಾಕಿದ ಹೊಡೆತಕ್ಕೆ ಒಳಗಿನ ಚಿಲಕ ತಾನೇ ಬಿತ್ತು.