ರಾಜನ ಅಮ್ಮ ಎದ್ದು ನಿಂತಾಗ

ಪೆಕಮ್, ಲಂಡನ್
ಮಾರ್ಚ್ ೧೨, ಮಂಗಳವಾರ

ನನ್ನ ಮುದ್ದಿನ ಅಕಾಂಬಿ,

ಕೊಲಾಡೆ ಎಂದು ಬರೆಯಲು ಹೋಗಿ ಕೈ ತಡೆಯಿತು. ಆ ಹೆಸರು ಈಗ ಪತ್ರಿಕೆಯವರದ್ದೂ ಆಗಿಬಿಟ್ಟಿದೆ; ಮುದ್ದಿನ ಹೆಸರಾದರೂ ನನಗಿರಲಿ. ಹೇಗಿದ್ದೀಯಪ್ಪಾ? ಆಂಟ್ರಿಮ್‌ನ ಚಿತ್ರೀಕರಣದಲ್ಲಿ ಕಡಲಗಾಳಿಗೆ ಗಂಟಲು ಕಟ್ಟಿಲ್ಲ ತಾನೇ? ಆ ತೋಳದ ತುಪ್ಪಳದ ನಿಲುವಂಗಿಯೊಳಗೆ ಬನಿಯನ್ ಹಾಕಿಕೋ, ರಾಜಕುಮಾರರಿಗೂ ನೆಗಡಿ ಬರುತ್ತದೆ. ನಿನ್ನ ಕೂದಲನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಮೊದಲ ತಿಂಗಳಿನಂತೆ ನೀರು ಚಿಮುಕಿಸಿ ಬಾಚಲು ಬಂದರೆ ಒಪ್ಪಬೇಡ. ಕೂದಲಿಗೆ ಹಚ್ಚುವ ಶಿಯಾ ಬೆಣ್ಣೆಯ ಡಬ್ಬಿ ಇದರ ಜೊತೆಗಿದೆ, ಅವರ ಕೈಗೇ ಕೊಡು. ಮುಖಕ್ಕೆ ಹಚ್ಚುವ ಬಣ್ಣವಾದರೂ ಈಗ ನಿನ್ನ ಮೈಬಣ್ಣಕ್ಕೆ ಹೊಂದುತ್ತದೆಯೇ? ಮೊದಲ ಫೋಟೋಗಳಲ್ಲಿ ಬೂದಿ ಬಳಿದುಕೊಂಡವನ ಹಾಗಿದ್ದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ಬಗ್ಗೆ ಬರೆಯುವುದೇನೂ ಇಲ್ಲ. ನೀನು ಫೋನ್ ಬಂದ್ ಮಾಡಿ ಐದು ವಾರವಾಯಿತಲ್ಲ, ಅದಕ್ಕೇ ಈ ಕಾಗದ.

ಭಾನುವಾರ ಚರ್ಚಿನಿಂದ ಬಂದು ತಲೆಗೆ ಸುತ್ತಿದ್ದ ಗೆಲೆ ಬಿಚ್ಚುತ್ತಿದ್ದೆ, ಅಷ್ಟರಲ್ಲಿ ಬಾಗಿಲು ಬಡಿದರು. ನೋಡಿದರೆ ನಿನ್ನ ಏಜೆಂಟ್ ಹ್ಯಾರಿಯೆಟ್. ಅವಳ ಮುಂದೆ ಜೊಲಾಫ್ ಅನ್ನದ ತಟ್ಟೆ ಇಟ್ಟೆ. ನನ್ನ ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಳ್ಳುವವಳು ಚಮಚ ಮುಟ್ಟಲಿಲ್ಲ. ಕಡೆಗೆ ಬಾಯಿಬಿಟ್ಟಳು: "ಕೊಲಾಡೆ ತನ್ನ ಪಾತ್ರಾನ ಸಾಯಿಸ್ಬಿಡಿ ಅಂತ ಕೇಳ್ಕೊಂಡಿದಾನೆ, ಮಿಸೆಸ್ ಸೊವಂಡೆ." ಬರುವ ಮಂಗಳವಾರ ನಿನ್ನ ಪಟ್ಟಾಭಿಷೇಕದ ಚಿತ್ರೀಕರಣವಂತೆ. ಸೋಮವಾರದೊಳಗೆ ನೀನು ಒಪ್ಪದಿದ್ದರೆ, ರಾಜಕುಮಾರ ಯುದ್ಧದಲ್ಲಿ ಸತ್ತನೆಂದು ಬರೆದು ಕಿರೀಟವನ್ನು ತಮ್ಮನ ಪಾತ್ರದ ಹುಡುಗನಿಗೆ ಕೊಡುತ್ತಾರಂತೆ. ಯಾಕಂತೆ ಎಂದು ಕೇಳಿದೆ. "ಸುಸ್ತಾಗಿದೆ ಅಂತಾನೆ, ಅಷ್ಟೇ," ಎಂದಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡೆ. ನಿನ್ನ ಸುಸ್ತಿನಲ್ಲಿ ನನ್ನ ಪಾಲೆಷ್ಟು ಎಂದು ನನಗೆ ಗೊತ್ತು.

ಹದಿನಾಲ್ಕು ವರ್ಷ ನಿನ್ನನ್ನು ಟೀವಿಯಲ್ಲಿ ಹುಡುಕಿದವಳು ನಾನು. ಚರ್ಚಿನ ಆಂಟಿಯರಿಗೆಲ್ಲ ಫೋನ್ ಮಾಡಿ, ಒಂಬತ್ತು ಗಂಟೆಗೆ ನೋಡಿ, ನನ್ನ ಮಗ ಬರುತ್ತಾನೆ ಎನ್ನುತ್ತಿದ್ದೆ. ನೋಡಿದರೆ ನೀನು ಪೊಲೀಸ್ ವ್ಯಾನಿನ ಹಿಂದೆ ಕೈಕೋಳ ಹಾಕಿಸಿಕೊಂಡು ನಿಂತಿರುತ್ತಿದ್ದೆ. ಆಸ್ಪತ್ರೆಯ ಧಾರಾವಾಹಿಯಲ್ಲಿ ಗಾಲಿಮಂಚ ತಳ್ಳಿದೆ, ಇನ್ನೊಂದರಲ್ಲಿ ಮಾತೇ ಇಲ್ಲದೆ ಗುಂಡು ತಿಂದೆ. ಪಕ್ಕದ ಮನೆಯ ಡೋರೀನ್ ನಗುತ್ತಿದ್ದಳು: "ಅಯ್ಯೋ ಮೊರೆನಿಕೆ, ನಿನ್ ಮಗ ಚೆನ್ನಾಗಿ ಸಾಯ್ತಾನೆ ಕಣೇ, ಒಂದ್ಸಲ ಬದುಕಿರೋ ಪಾರ್ಟ್ ಮಾಡೋಕ್ ಹೇಳು." ಬದುಕಿರುವ ಪಾತ್ರ ಬಂತು, ಅದೂ ಪಟ್ಟಕ್ಕೆ ಬರುವ ರಾಜಕುಮಾರನದು. ಬಂದದ್ದೇ ತಡ, ಕಂಡವರೆಲ್ಲ ಫೋನ್ ಹಿಡಿದು ಬೈಯಲು ಕುಳಿತರು. ಯಾವ ಭೂಪಟದಲ್ಲೂ ಇಲ್ಲದ ಆ ಹಿಮದ ರಾಜ್ಯದಲ್ಲಿ ನಮ್ಮಂಥ ಕಪ್ಪು ಮೈಬಣ್ಣದವರು ಹುಟ್ಟಲು ಸಾಧ್ಯವೇ ಇಲ್ಲವೆಂದು ಅವರಿಗೆ ಖಚಿತವಾಗಿ ಗೊತ್ತು! ಡೋರೀನ್ ಕನ್ನಡಕ ಹಾಕಿಕೊಂಡು ಒಬ್ಬೊಬ್ಬರಿಗೂ ಉತ್ತರ ಬರೆದಳು. ಅವಳ ಉತ್ತರಗಳನ್ನು ನಾನಿಲ್ಲಿ ಬರೆಯಲಾರೆ, ನಾಳೆ ಪ್ರಾರ್ಥನೆಗೆ ಹೋಗಬೇಕು.

ಅದನ್ನೆಲ್ಲ ನೀನು ಹಲ್ಲುಕಚ್ಚಿ ಸಹಿಸಿದ್ದೆ. ಸಹಿಸಲಾಗದಂತೆ ಮಾಡಿದವಳು ನಾನು. ಮೊದಲ ಕಂತು ತೋರಿಸಿದ ದಿನ, ಅಷ್ಟು ದೊಡ್ಡ ಸಭಾಂಗಣದಲ್ಲಿ ನಿನ್ನ ಹೆಸರು ಕೂಗಿದರು, ನೀನು ವೇದಿಕೆ ಹತ್ತಿದೆ. ನಮ್ಮೂರು ಅಬೆಯೊಕುಟಾದಲ್ಲಿ ಮಗ ಹಾಗೆ ಎತ್ತರಕ್ಕೆ ಹತ್ತಿದಾಗ ತಾಯಿ ಸುಮ್ಮನೆ ಕುಳಿತರೆ ಅವಳ ನಾಲಗೆ ಸತ್ತಿದೆಯೇ ಎಂದು ಕೇಳುತ್ತಾರೆ. ನಾನು ಎದ್ದೆ. ನಿನ್ನ ಅಜ್ಜಿ ನನಗೆ ಕಲಿಸಿದ್ದ ಮನೆತನದ ಹೊಗಳುಪದ, ನಿನ್ನ ಒರಿಕಿ, ತಾನಾಗಿ ಬಾಯಿಗೆ ಬಂತು. ಬಂಡೆಯ ಊರಿನವನೇ, ಅರಸನ ಬಾಗಿಲಲ್ಲಿ ಕಾಯದೆ ಒಳಹೋದವನ ಮೊಮ್ಮಗನೇ ಎಂದು ಗಂಟಲು ಹರಿಯುವಂತೆ ಹೇಳಿದೆ. ಸಭೆಗೆ ಸಭೆಯೇ ತಿರುಗಿ ನೋಡಿತು. ನೀನು ಮೈಕಿನಲ್ಲೇ ನಕ್ಕೆ, "ಅಮ್ಮಾ, ಸಾಕು, ಕೂತ್ಕೋ." ಕುಳಿತೆ. ಮಾರನೆಯ ದಿನ ಯಾರೋ ತೆಗೆದ ಅದರ ವಿಡಿಯೋ ತುಣುಕಿಗೆ ಮೇಕೆಯ ಕೂಗು ಸೇರಿಸಿ ದೇಶವೆಲ್ಲ ಹಂಚಿದರು. ನನ್ನನ್ನು ಮಾಟಗಾತಿ ಎಂದದ್ದಕ್ಕೆ ನನಗೆ ನೋವಿಲ್ಲ. ಆ ರಾತ್ರಿ ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನೀನು ಕಿಟಕಿಯ ಕಡೆ ಮುಖಮಾಡಿ ಹೇಳಿದೆಯಲ್ಲ, "ಇಷ್ಟು ವರ್ಷ ಅವರಲ್ಲೊಬ್ಬನಾಗೋಕೆ ಒದ್ದಾಡ್ದೆ, ಮೂರೇ ನಿಮಿಷದಲ್ಲಿ ಎಲ್ಲಾ ತೊಳೆದು ಹಾಕ್ಬಿಟ್ಟೆ ಅಮ್ಮಾ," ಎಂದು. ಅದು ಈಗಲೂ ಎದೆಯಲ್ಲಿ ಚುಚ್ಚುತ್ತಿದೆ.

ನಾನು ಐದು ವಾರ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ, ಸುಳ್ಳೇಕೆ ಹೇಳಲಿ. ಹೆತ್ತವಳಿಗೆ ಹೀಗೆ ಹೇಳುವುದೇ ಎಂದು ಗೋಡೆಯ ಜೊತೆ ಜಗಳವಾಡಿದೆ. ಆದರೆ ಅವರಲ್ಲೊಬ್ಬನಾಗು ಎಂದು ಕಲಿಸಿದವರು ಯಾರು? ನೀನು ಒಂಬತ್ತು ವರ್ಷದವನಿದ್ದಾಗ ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಕಾಯುವವನಾಗಿದ್ದೆ, ನೆನಪಿದೆಯೇ? ನಾಟಕ ಮುಗಿದು ಗೇಟಿಗೆ ಬಂದಾಗ ನಾನು ಒರಿಕಿ ಶುರುಮಾಡಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ನೀನು ನನ್ನ ಕೋಟು ಹಿಡಿದು ಜಗ್ಗಿದೆ, "ಅಮ್ಮಾ, ಇಲ್ಲಿ ಬೇಡ." ಇಲ್ಲಿ ಬೇಡ ಎಂದಷ್ಟೇ ನೀನು ಹೇಳಿದ್ದು, ನಾನು ಮನೆಯಲ್ಲೂ ನಿಲ್ಲಿಸಿಬಿಟ್ಟೆ. ಬದಲಿಗೆ ಅಡುಗೆಮನೆಯಲ್ಲಿ ನಿಲ್ಲಿಸಿ ರೇಡಿಯೋ ವಾರ್ತೆಯನ್ನು ವಾರ್ತೆಯವನ ದನಿಯಲ್ಲೇ ಹೇಳಿಸಿದೆ. ತಪ್ಪಿದರೆ ಚಮಚದಿಂದ ಮೇಜು ಕುಟ್ಟಿದೆ. ಆ ದನಿಯೇ ನಿನಗೆ ಕೆಲಸ ಕೊಟ್ಟಿತು, ಇಲ್ಲವೆನ್ನುವುದಿಲ್ಲ. ಆದರೆ ಇಪ್ಪತ್ತೇಳು ವರ್ಷ ನುಂಗಿಕೊಂಡದ್ದನ್ನು ಅಷ್ಟು ಜನರ ಮುಂದೆ ಒಮ್ಮೆಗೇ ನಿನ್ನ ಮೇಲೆ ಸುರಿದೆ. ತಪ್ಪಾಯಿತು ಮಗನೇ. ಹೇಳಿದ್ದಕ್ಕಲ್ಲ, ಇಷ್ಟು ವರ್ಷ ಹೇಳದೇ ಇದ್ದದ್ದಕ್ಕೆ.

ಹ್ಯಾರಿಯೆಟ್ ಇನ್ನೊಂದು ವಿಷಯವನ್ನೂ ತಂದಿದ್ದಳು. ಧಾರಾವಾಹಿ ಮಾಡುವವರು ಆ ತುಣುಕನ್ನು ನೋಡಿದ್ದಾರಂತೆ. ಪಟ್ಟಾಭಿಷೇಕದಲ್ಲಿ ಆಸ್ಥಾನದ ಮುದುಕಿಯಾಗಿ ನಿಂತು ನಾನು ಅದನ್ನೇ ಹೇಳಬೇಕಂತೆ. ವೈವಿಧ್ಯ, ವೈವಿಧ್ಯ ಎಂದು ಹತ್ತು ಸಲ ಅಂದಳು. ನನಗೆ ರೇಗಿಹೋಯಿತು. "ವೈವಿಧ್ಯ ಅಂದ್ರೆ ಅಂಗಡಿ ಮುಂದೆ ಜೋಡಿಸಿಡೋ ಹಣ್ಣಿನ ಬುಟ್ಟಿ ಅನ್ಕೊಂಡ್ಯೇನಮ್ಮಾ? ಅದು ನನ್ ಮಗನ ಒರಿಕಿ. ನಕ್ಕೋರು ನಕ್ಕಿದ್ದಾಯ್ತು, ಈಗ ನನ್ ಬಾಯಿ ಬೇಕಾಯ್ತಾ?" ಎಂದೆ. ಆಗುವುದಿಲ್ಲ ಎಂದು ಹೇಳಿ, ಅನ್ನವನ್ನು ಡಬ್ಬಿಗೆ ಹಾಕಿ ಕೈಗೆ ಕೊಟ್ಟು ಕಳಿಸಿದೆ.

ಈ ಪಾತ್ರ ಬಿಡಬೇಡ ಎಂದು ನಾನು ಹೇಳುವುದಿಲ್ಲ. ಬೈಗುಳ ತಿನ್ನುವವನು ನೀನು, ನಾನಲ್ಲ. ಆದರೆ ನನ್ನ ದೆಸೆಯಿಂದ ನಾಚಿಕೊಂಡು ಬಿಡುವುದಾದರೆ ಆ ಭಾರ ನನಗೆ ಹೊರಲಾಗದು. ಹೊತ್ತಿಗೆ ಸರಿಯಾಗಿ ಊಟಮಾಡು. ನಮ್ಮೂರಲ್ಲಿ ಹರಸುವಂತೆ, ಅದೃಷ್ಟ ಹೊತ್ತ ನಿನ್ನ ತಲೆ ಸದಾ ನಿನ್ನ ಪರವಾಗಿ ನಿಲ್ಲಲಿ, ಹೋದ ದಾರಿಯೆಲ್ಲ ನಿನ್ನನ್ನು ಮನೆಗೆ ತಲುಪಿಸಲಿ. ಡೋರೀನ್ ಮುತ್ತು ಕಳಿಸಿದ್ದಾಳೆ.

ನಿನ್ನ ಅಮ್ಮ,
ಮೊರೆನಿಕೆ

ತಾ.ಕ.: ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಲಕೋಟೆಯ ಹಿಂದೆ ಬರೆಯುತ್ತಿದ್ದೇನೆ, ಅಕ್ಷರ ಕೊಂಕಾದರೆ ಓದಿಕೋ. ಈಗಷ್ಟೇ ಹ್ಯಾರಿಯೆಟ್‌ಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಿನಗೆ ಹತ್ತಿರದ ಬೆಲ್‌ಫಾಸ್ಟ್‌ನಲ್ಲಿ ಇಳಿಯುತ್ತೇನೆ. ಒಂದೇ ಸಲ ಹೇಳುತ್ತೇನೆ, ನಿನಗೆ ಮಾತ್ರ ಹೇಳುತ್ತೇನೆ, ಆ ಪಟ್ಟದ ಕುರ್ಚಿಯಲ್ಲಿ ಬೇರೆಯವರ ಮಗ ಕುಳಿತಿದ್ದರೆ ಬಾಯಿ ತೆರೆಯುವುದಿಲ್ಲ ಎಂದಿದ್ದೇನೆ. ನೀನು ಬೇಡವೆಂದರೆ ಹೇಳಿಕಳಿಸು, ಟಿಕೆಟ್ ಹರಿದು ಹಾಕುತ್ತೇನೆ, ಆಮೇಲೆ ಆ ಮಾತು ಎತ್ತುವುದಿಲ್ಲ. ಆದರೆ ಒಂದು ವಿಷಯ ನಿನಗೆ ಗೊತ್ತಿಲ್ಲ. ಆ ಕ್ರಿಸ್‌ಮಸ್‌ಗೆ ಎರಡು ತಿಂಗಳ ಹಿಂದಷ್ಟೇ ನಿನ್ನ ಅಪ್ಪ ತೀರಿಕೊಂಡಿದ್ದರು. ನಮ್ಮ ಮನೆಯಲ್ಲಿ ತೀರಿಕೊಂಡವರು ಒರಿಕಿಯ ಕೊನೆಗೆ ಒಂದು ಸಾಲಾಗಿ ಸೇರುತ್ತಾರೆ. ಅವರ ಸಾಲನ್ನು ನಾನೇ ಕಟ್ಟಿ, ಮೊದಲ ಸಲ ನಿನಗೆ ಹೇಳಬೇಕೆಂದು ಗೇಟಿನಲ್ಲಿ ಕಾದಿದ್ದೆ. ಅಲ್ಲೂ ಅದು ಬರುವ ಮೊದಲೇ ನೀನು ನಿಲ್ಲಿಸಿದೆ, ಸಭಾಂಗಣದಲ್ಲೂ ನಿಲ್ಲಿಸಿದೆ. ನಿನ್ನ ಅಪ್ಪನ ಸಾಲನ್ನು ಇನ್ನೂ ಯಾರೂ ಕೇಳಿಲ್ಲ ಅಕಾಂಬಿ. ಆ ಸಾಲು ಕೇಳುವವರೆಗಾದರೂ ನಿಂತಿರು. ಆಮೇಲೆ ಕಿರೀಟ ಇಟ್ಟುಕೊಳ್ಳುತ್ತೀಯೋ ತೆಗೆದಿಡುತ್ತೀಯೋ, ನಿನಗೆ ಬಿಟ್ಟದ್ದು.