ವೀರೇಶನ ಹೊಸ ಬ್ಯಾಟು

ಲೋ ವೀರೇಶ,

ಇವತ್ತು ಸ್ಕೂಲಲ್ಲಿ ಸ್ಪೋರ್ಟ್ಸ್ ಡೇ, ಪಿ.ಟಿ. ಟೀಚರು ಎಲ್ಲರಿಗಿಂತ ಮೊದಲು ಹೋಗಬೇಕು, ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಂಡು ತಿನ್ನು. ನಿನ್ನ ಬಿಳಿ ಪ್ಯಾಂಟು ಟೆರೇಸ್ ಮೇಲೆ ಒಣಗ್ತಾ ಇದೆ. ಮೊಣಕಾಲಿನ ಹತ್ರ ಹುಲ್ಲಿನ ಕಲೆ ಹೋಗಲಿಲ್ಲ. ರಣಜಿ ಆಡೋರಿಗೆ ಅದೂ ಶೋಭೆ ಬಿಡು.

ಪೇಪರಲ್ಲಿ ನಿನ್ನ ಮಾತು ಓದಿದೆ. ಕವರ್ ಡ್ರೈವ್ ಅಪ್ಪ ಕಲಿಸಿದ್ದಂತೆ! ಅಪ್ಪ ಆಡಿದ್ದು ಕಬಡ್ಡಿ ಕಣೋ. ಎಡಗಾಲು ಮುಂದಿಡು ಅಂತ ಏಳು ವರ್ಷ ನಿನ್ನ ತಲೆಗೆ ಮೊಟಕಿದ್ದು ಯಾರು? ಷೋಕೇಸಲ್ಲಿದ್ದ ನನ್ನ ಸ್ಟೇಟ್ ಕ್ರಿಕೆಟ್ ಟೀಮಿನ ಫೋಟೋ ತೆಗೆದು ಅಮ್ಮ ಅಲ್ಲಿ ನಿನ್ನ ಕ್ಯಾಪ್ ಇಟ್ಟಿದಾರೆ. ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ.

ನಿನ್ನ ಹೊಸ ಬ್ಯಾಟನ್ನ ಮರದ ಸುತ್ತಿಗೆಯಲ್ಲಿ ಬಡಿದು ಪಳಗಿಸಿ ಆಯ್ತು. ಯಾವಾಗಿನ ಹಾಗೆ ನಾನೇ. ಆದ್ರೆ ಈ ಸಲ ನಿನ್ನೆ ಸಂಜೆ ಟೆರೇಸಲ್ಲಿ ಅಪ್ಪನ ಕೈಲಿ ಆರು ಬಾಲ್ ಹಾಕಿಸ್ಕೊಂಡೆ. "ನಿಂಗ್ಯಾಕಮ್ಮಾ ಇದೆಲ್ಲ?" ಅಂತ ಗೊಣಗ್ತಾನೇ ಹಾಕಿದ್ರು.

ನೆಟ್ಸಿಗೆ ಹೋಗೋ ಮುಂಚೆ ಬ್ಯಾಟಿನ ನಡುಮಧ್ಯ ನೋಡು. ಆರು ಬಾಲೂ ತಾಗಿದ್ದು ಅಲ್ಲೇ, ಕೆಂಪು ಗುರುತು ಒಂದೇ ಇದೆ.

ಒರೆಸಬೇಡ.

ಅಕ್ಕ